ವಿಮಾನದ ಕಂಪ್ಯೂಟರ್ ಸುಳ್ಳು ಹೇಳಿದರೆ ಹಿಡಿಯೋದು ಯಾರು?

ಇವತ್ತಿನ ಕಂತಿನಲ್ಲಿ ವಿಮಾನದ ಬಗ್ಗೆ ಮಾತಾಡೋಣ. ಕೊಡಗಿನಲ್ಲಿ ಕೂತು ವಿಮಾನದ ಮಾತು ಯಾಕೆ ಅಂತ ಕೇಳಬಹುದು. ನಿಜ, ನಮ್ಮ ಜಿಲ್ಲೆಗೆ ವಿಮಾನವೂ ಇಲ್ಲ, ರೈಲೂ ಇಲ್ಲ. ಆದರೆ ವಿಮಾನ ಹತ್ತುವವರಿಗೆ ಕೊರತೆ ಇಲ್ಲ. ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗ್ತಾರೆ, ಮಡಿಕೇರಿ ಕಡೆಯವರು ಮಂಗಳೂರಿಗೆ, ಕುಶಾಲನಗರದವರು ಬೆಂಗಳೂರಿಗೆ. ಗಲ್ಫ್‌ನಲ್ಲಿ ಕೆಲಸ ಮಾಡೋ ಮಗ, ದೆಹಲಿಯಲ್ಲಿ ಸೇನೆಯಲ್ಲಿರೋ ಅಳಿಯ, ಹೀಗೆ ಮನೆಗೊಬ್ಬರು ಆಕಾಶದಲ್ಲಿ ಇದ್ದೇ ಇರ್ತಾರೆ.

2025ರ ನವೆಂಬರ್ 28ರಂದು ಒಂದು ಸುದ್ದಿ ಬಂತು, ನಿಮಗೆ ನೆನಪಿರಬಹುದು. ಏರ್‌ಬಸ್ ಕಂಪನಿ ತನ್ನ ಎ320 ಕುಟುಂಬದ ಸುಮಾರು 6,000 ವಿಮಾನಗಳಿಗೆ ತಕ್ಷಣ ಸಾಫ್ಟ್‌ವೇರ್ ಬದಲಿಸಬೇಕು, ಕೆಲವಕ್ಕೆ ಕಂಪ್ಯೂಟರ್ ಡಬ್ಬಿಯನ್ನೇ ಬದಲಿಸಬೇಕು ಅಂತ ಹೇಳಿತು. ಭಾರತದಲ್ಲೇ ಅಂಥ ವಿಮಾನಗಳು ಮುನ್ನೂರಕ್ಕೂ ಹೆಚ್ಚು. ಕಾರಣ ಏನು? ಅದಕ್ಕೆ ಸುಮಾರು ಒಂದು ತಿಂಗಳ ಹಿಂದೆ, ಅಕ್ಟೋಬರ್ 30ರಂದು, ಮೆಕ್ಸಿಕೋದ ಕಾನ್‌ಕುನ್‌ನಿಂದ ಅಮೆರಿಕದ ನೆವಾರ್ಕ್‌ಗೆ ಹೋಗ್ತಿದ್ದ ಜೆಟ್‌ಬ್ಲೂ ಸಂಸ್ಥೆಯ ಎ320 ವಿಮಾನ ಪೈಲಟ್ ಏನೂ ಮಾಡದೆಯೇ ಇದ್ದಕ್ಕಿದ್ದಂತೆ ಮೂಗು ತಗ್ಗಿಸಿತ್ತು. ಕೆಲವರಿಗೆ ಗಾಯವಾಯಿತು. ವಿಮಾನ ಟ್ಯಾಂಪಾದಲ್ಲಿ ಇಳಿಯಿತು. ಸೂರ್ಯನಿಂದ ಬರುವ ತೀವ್ರ ವಿಕಿರಣ ವಿಮಾನ ನಿಯಂತ್ರಣದ ಕಂಪ್ಯೂಟರಿನ ದತ್ತಾಂಶವನ್ನು ಕೆಡಿಸಬಹುದು ಅಂತ ಏರ್‌ಬಸ್ ಹೇಳಿತು.

ಇಲ್ಲಿ ಜನ ಸಹಜವಾಗಿ ಕೇಳೋ ಪ್ರಶ್ನೆ ಒಂದಿದೆ. ವಿಮಾನದಲ್ಲಿ ಎಲ್ಲವೂ ಎರಡು, ಮೂರು, ನಾಲ್ಕು ಇರುತ್ತೆ ಅಂತಾರಲ್ಲ, ಆಮೇಲೂ ಹೀಗೆ ಆಗೋದು ಹೇಗೆ? ಇದಕ್ಕೆ ಉತ್ತರ ಹುಡುಕೋಣ. ಅದಕ್ಕೆ ನಮ್ಮ ತೋಟದ ರೈನ್ ಗೇಜ್ ಸಾಕು.

ಕೊಡಗಿನಲ್ಲಿ ಇಬ್ಬರು ಬೆಳೆಗಾರರು ಭೇಟಿಯಾದರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಬಿತ್ತು?" ಅಂತ. ಎಷ್ಟು ಇಂಚು, ಎಷ್ಟು ಸೆಂಟು, ಅಜ್ಜನ ಕಾಲದಿಂದ ಬರೆದಿಟ್ಟ ಪುಸ್ತಕ ಮನೆಯಲ್ಲಿರುತ್ತೆ. ಈಗ ಯೋಚನೆ ಮಾಡಿ. ಮಾರ್ಚ್ ತಿಂಗಳು. ರಾತ್ರಿ ಹೂಮಳೆ ಬಂದಿದೆ. ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಅನ್ನೋದು ಬೆಳಿಗ್ಗೆ ನಿರ್ಧಾರ ಆಗಬೇಕು. ನೀವು ಒಂದೇ ಮಳೆಮಾಪಕ ಇಟ್ಟಿದ್ದೀರಿ. ಅದರ ಲಾಳಿಕೆಗೆ ಒಂದು ಎಲೆ ಬಿದ್ದು ಮುಚ್ಚಿದೆ. ಅದು 20 ಸೆಂಟು ಅಂತ ತೋರಿಸುತ್ತೆ. ನಿಜವಾಗಿ ಬಿದ್ದಿದ್ದು ಒಂದೂಕಾಲು ಇಂಚು. ನಿಮಗೆ ಗೊತ್ತಾಗೋದು ಹೇಗೆ? ಗೊತ್ತಾಗಲ್ಲ.

ಹಾಗಾದರೆ ಎರಡು ಇಡೋಣ. ಒಂದು 125 ಸೆಂಟು ಅನ್ನುತ್ತೆ, ಇನ್ನೊಂದು 20. ಜಗಳ ಇದೆ ಅಂತ ಈಗ ಗೊತ್ತಾಯಿತು. ಯಾರು ಸರಿ ಅಂತ ಗೊತ್ತಾಗಲಿಲ್ಲ. ಮೂರು ಇಟ್ಟರೆ? 125, 123, 20. ಈಗ ಮಧ್ಯದ ಲೆಕ್ಕ ತಗೋಬಹುದು, 20 ಅಂದಿದ್ದನ್ನು ಪಕ್ಕಕ್ಕಿಡಬಹುದು. ನಾಲ್ಕು ಇಟ್ಟರೆ? ಒಂದು ಕೆಟ್ಟರೂ ಮೂರು ಉಳಿಯುತ್ತೆ, ಆಮೇಲೆ ಇನ್ನೊಂದು ಕೆಟ್ಟರೂ ಮತ ಹಾಕಿ ಅದನ್ನು ಹಿಡಿಯಬಹುದು. ವಿಮಾನದಲ್ಲಿ ಮೂರು, ನಾಲ್ಕು ಅಂತ ಇಡೋದು ಇದೇ ಲೆಕ್ಕದ ಮೇಲೆ.

ಇದರ ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದೆ. ತೇಜಸ್, ಹಗುರ ಯುದ್ಧ ವಿಮಾನ. ಅದನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ, ಚುರುಕಾಗಿ ತಿರುಗಲಿ ಅಂತ. ಬೆರಳ ತುದಿಯಲ್ಲಿ ಕೋಲು ನಿಲ್ಲಿಸಿದ ಹಾಗೆ. ಕೋಲು ಬೀಳದಿರಬೇಕಾದರೆ ಬೆರಳು ಕ್ಷಣಕ್ಷಣಕ್ಕೂ ಅಲುಗ್ತಾ ಇರಬೇಕು. ಆ ಕೆಲಸ ಮನುಷ್ಯನ ಕೈಯಲ್ಲಿ ಆಗಲ್ಲ. ಹಾಗಾಗಿ ಕಂಪ್ಯೂಟರ್ ಮಾಡುತ್ತೆ, ಸೆಕೆಂಡಿಗೆ ಹತ್ತಾರು ಸಲ. ಪೈಲಟ್ ಕೋಲಿಗೂ ರೆಕ್ಕೆಗೂ ನಡುವೆ ಸರಳು, ತಂತಿ ಯಾವುದೂ ಇಲ್ಲ. ಇರೋದು ವಿದ್ಯುತ್ ಸಂದೇಶ ಮಾತ್ರ. ಇದಕ್ಕೆ ಫ್ಲೈ-ಬೈ-ವೈರ್ ಅಂತಾರೆ. ಕಂಪ್ಯೂಟರ್ ನಿಂತರೆ ವಿಮಾನ ಉಳಿಯಲ್ಲ. ಅದಕ್ಕೇ ನಾಲ್ಕು ಪಾಲು. ಈ ಡಿಜಿಟಲ್ ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್ ಅನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ, ಅಂದರೆ ಡಿಆರ್‌ಡಿಒದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ಯಾವ ಸ್ಥಿತಿಯಲ್ಲಿ ರೆಕ್ಕೆ ಎಷ್ಟು ಅಲುಗಬೇಕು ಅನ್ನೋ ನಿಯಮಗಳನ್ನು ಬರೆದ ತಂಡ ಎನ್‌ಎಎಲ್‌ನಲ್ಲಿತ್ತು.

ನಮ್ಮೂರಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದಾಗ ಹಾರಿಸಿದ್ದು ಮಿಸ್ಟೇರ್ ವಿಮಾನ. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಅದರಿಂದಲೇ ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ವಿಮಾನದಲ್ಲಿ ಇಂಥ ಕಂಪ್ಯೂಟರ್ ಇರಲಿಲ್ಲ. ಮೀಟರ್ ತಪ್ಪು ತೋರಿಸ್ತಿದೆಯಾ ಅಂತ ಅನುಮಾನ ಪಡೋದು, ಹೋಲಿಸಿ ನೋಡೋದು, ನಿರ್ಧಾರ ಮಾಡೋದು, ಎಲ್ಲವೂ ಪೈಲಟ್ ತಲೆಯೊಳಗೇ. ಇವತ್ತು ಆ ಅನುಮಾನ ಪಡೋ ಕೆಲಸವನ್ನೇ ನಾವು ಯಂತ್ರಕ್ಕೆ ಕಲಿಸಬೇಕಾಗಿದೆ. ಅದು ಸುಲಭ ಅಲ್ಲ.

ಯಾಕೆ ಸುಲಭ ಅಲ್ಲ? ಮತ್ತೆ ತೋಟಕ್ಕೆ ಬನ್ನಿ. ನಾಲ್ಕು ಮಳೆಮಾಪಕ ಒಂದೇ ಅಳತೆ ಯಾವತ್ತೂ ತೋರಿಸಲ್ಲ. 125, 123, 126, 121, ಇಷ್ಟು ವ್ಯತ್ಯಾಸ ಸಹಜ. ಹಾಗಾದರೆ ಎಷ್ಟು ವ್ಯತ್ಯಾಸ ಬಂದರೆ ಕೆಟ್ಟಿದೆ ಅನ್ನಬೇಕು? ಐದು ಸೆಂಟು ಅಂತ ಬಿಗಿ ಮಾಡಿದರೆ, ಚೆನ್ನಾಗಿರೋ ಮಾಪಕವನ್ನೇ ಎಸೀತೀರಿ. ಐವತ್ತು ಸೆಂಟು ಅಂತ ಸಡಿಲ ಬಿಟ್ಟರೆ, ನಿಧಾನವಾಗಿ ಸೋರ್ತಿರೋ ಮಾಪಕ ತಿಂಗಳಾನುಗಟ್ಟಲೆ ನಿಮ್ಮ ಲೆಕ್ಕ ಕೆಡಿಸುತ್ತೆ. ವಿಮಾನದಲ್ಲಿ ಇನ್ನೊಂದು ತೊಡಕು, ಸಮಯ. ಒಂದು ಕ್ಷಣ ಲೆಕ್ಕ ತಪ್ಪಿದ ತಕ್ಷಣ ಆ ಪಾಲನ್ನು ಹೊರಗೆ ಹಾಕಬೇಕಾ, ಸ್ವಲ್ಪ ಹೊತ್ತು ನೋಡಬೇಕಾ? ಬೇಗ ಹಾಕಿದರೆ ಒಳ್ಳೆಯದನ್ನು ಕಳ್ಕೋತೀರಿ. ತಡ ಮಾಡಿದರೆ ಅಷ್ಟರಲ್ಲಿ ಬಾಲದ ರೆಕ್ಕೆ ಅಲುಗಿ ಹೋಗಿರುತ್ತೆ. ಈ ಎರಡು ಸಂಖ್ಯೆಗಳು, ಎಷ್ಟು ವ್ಯತ್ಯಾಸ ಮತ್ತು ಎಷ್ಟು ಹೊತ್ತು, ಇವುಗಳ ಮೇಲೆಯೇ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳೋದು.

ಇದು ಬರೀ ಪುಸ್ತಕದ ಮಾತಲ್ಲ. 2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್‌ಗೆ ಹೋಗ್ತಿದ್ದ ಕ್ವಾಂಟಾಸ್ 72 ವಿಮಾನ, ಏರ್‌ಬಸ್ ಎ330, 37,000 ಅಡಿ ಎತ್ತರದಲ್ಲಿ ಇದ್ದಕ್ಕಿದ್ದಂತೆ ಮೂಗು ತಗ್ಗಿಸಿತು. ಬೆಲ್ಟ್ ಹಾಕದವರು ಮೇಲಿನ ಛಾವಣಿಗೆ ಬಡಿದರು. 315 ಜನರಲ್ಲಿ 119 ಜನರಿಗೆ ಗಾಯ. ಆ ವಿಮಾನದಲ್ಲಿ ಗಾಳಿಗೆ ಮೂಗು ಎಷ್ಟು ಎತ್ತಿದೆ ಅಂತ ಅಳೆಯೋ ಆ್ಯಂಗಲ್ ಆಫ್ ಅಟ್ಯಾಕ್ ಸಂವೇದಕಗಳು ಮೂರಿದ್ದವು. ಅವುಗಳಲ್ಲಿ ಒಂದರ ಲೆಕ್ಕ ಕೊಡೋ ಘಟಕ ಆಗಾಗ ಹುಚ್ಚು ಸಂಖ್ಯೆ ಕಳಿಸ್ತಿತ್ತು. ಕಂಪ್ಯೂಟರಿಗೆ ಒಂದು ಕಾವಲು ಇತ್ತು. ಹುಚ್ಚು ಸಂಖ್ಯೆ ಬಂದರೆ 1.2 ಸೆಕೆಂಡು ಹಳೆಯ ಒಳ್ಳೆಯ ಸಂಖ್ಯೆಯನ್ನೇ ಹಿಡಿದುಕೋ ಅಂತ. ಆದರೆ ಎರಡನೇ ಹುಚ್ಚು ಸಂಖ್ಯೆ ಸರಿಯಾಗಿ ಆ 1.2 ಸೆಕೆಂಡು ಮುಗಿಯೋ ಹೊತ್ತಿಗೇ ಬಂದರೆ? ಆಗ ಕಾವಲು ಕಣ್ಣು ಬಿಡೋ ಕ್ಷಣಕ್ಕೇ ಕಳ್ಳ ಒಳಗೆ ಬಂದ. ಕಂಪ್ಯೂಟರ್ ಅದನ್ನು ನಿಜ ಅಂತ ನಂಬಿ, ವಿಮಾನದ ಮೂಗು ಅಪಾಯದಷ್ಟು ಎತ್ತಿದೆ ಅಂದುಕೊಂಡು, ತಗ್ಗಿಸಿತು. ಆ ಥರದ ಘಟಕಗಳು ಎಲ್ಲ ವಿಮಾನಗಳಲ್ಲೂ ಸೇರಿ 12.8 ಕೋಟಿ ಗಂಟೆಗೂ ಹೆಚ್ಚು ಕೆಲಸ ಮಾಡಿದ್ದವು. ಅಷ್ಟರಲ್ಲಿ ಈ ಬಗೆಯ ದೋಷ ಕಂಡಿದ್ದು ಮೂರೇ ಸಲ ಅಂತ ಆಸ್ಟ್ರೇಲಿಯಾದ ತನಿಖಾ ವರದಿ ಹೇಳಿತು.

ಮೂರು ಇದ್ದವು, ಮೂರರಲ್ಲಿ ಎರಡು ಸರಿಯಾಗೇ ಇದ್ದವು. ಆದರೂ ಜನ ಗಾಯಗೊಂಡರು. ಎಷ್ಟು ಪ್ರತಿ ಇಟ್ಟಿದ್ದೀರಿ ಅನ್ನೋದಕ್ಕಿಂತ, ಸುಳ್ಳು ಹೇಳೋದನ್ನು ಎಷ್ಟು ಬೇಗ, ಎಷ್ಟು ಖಚಿತವಾಗಿ ಹಿಡೀತೀರಿ ಅನ್ನೋದು ಮುಖ್ಯ.

ಇನ್ನೊಂದು ಬಲೆ ಇದೆ. ನಾಲ್ಕೂ ಮಳೆಮಾಪಕವನ್ನು ಒಂದೇ ಸಿಲ್ವರ್ ಮರದ ಕೆಳಗೆ ಇಟ್ಟರೆ? ನಾಲ್ಕೂ ಕಡಿಮೆ ತೋರಿಸುತ್ತೆ, ನಾಲ್ಕೂ ಒಪ್ಪುತ್ತೆ, ಮತ ಸರ್ವಾನುಮತ. ಆದರೆ ನಾಲ್ಕೂ ತಪ್ಪು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್‌ಗೆ ಆಗಿದ್ದು ಇದೇ. ದಿಕ್ಕು ಹೇಳೋ ಘಟಕ ಎರಡಿತ್ತು, ಎರಡರಲ್ಲೂ ಒಂದೇ ಸಾಫ್ಟ್‌ವೇರ್, ಅದೂ ಹಳೆಯ ಏರಿಯಾನ್ 4ರಿಂದ ತಂದದ್ದು. ಹೊಸ ರಾಕೆಟ್ಟಿನ ವೇಗಕ್ಕೆ ಒಂದು ಸಂಖ್ಯೆ ತನಗೆ ಕೊಟ್ಟ ಜಾಗದಲ್ಲಿ ಹಿಡಿಸದೆ ಉಕ್ಕಿತು. ಮೊದಲು ಬದಲಿ ಘಟಕ ನಿಂತಿತು, ಸೆಕೆಂಡಿನ ಹತ್ತನೇ ಒಂದು ಭಾಗವೂ ಕಳೆಯೋ ಮೊದಲೇ ಮುಖ್ಯ ಘಟಕವೂ ಅದೇ ಕಾರಣಕ್ಕೆ ನಿಂತಿತು. ಒಂದು ನಿಮಿಷವೂ ಹಾರದೆ ರಾಕೆಟ್ ಚೂರಾಯಿತು. ಬೇರೆ ಬೇರೆ ತಪ್ಪು ಮಾಡೋ ಇಬ್ಬರು ಇದ್ದರೆ ಒಬ್ಬರು ಇನ್ನೊಬ್ಬರನ್ನು ಉಳಿಸಬಹುದು. ಒಂದೇ ತಪ್ಪು ಮಾಡೋ ಇಬ್ಬರಿದ್ದು ಏನು ಪ್ರಯೋಜನ?

ಎ320 ಕಟ್ಟಿದವರಿಗೆ ಈ ಭಯ ಇತ್ತು. ಅದರಲ್ಲಿ ವಿಮಾನ ನಿಯಂತ್ರಣಕ್ಕೆ ಏಳು ಕಂಪ್ಯೂಟರುಗಳಿವೆ, ಮೂರು ಬಗೆಯವು. ಬೇರೆ ಬೇರೆ ತಂಡ ಬರೆದ ಸಾಫ್ಟ್‌ವೇರ್, ಬೇರೆ ಬೇರೆ ಪ್ರೊಸೆಸರ್. ಒಂದೊಂದು ಡಬ್ಬಿಯೊಳಗೂ ಎರಡು ಪಾಲು: ಒಂದು ಆಜ್ಞೆ ಕೊಡೋದು, ಇನ್ನೊಂದು ಅದನ್ನು ಕಾವಲು ಕಾಯೋದು. ಲೆಕ್ಕ ತಾಳೆ ಆಗದಿದ್ದರೆ ಡಬ್ಬಿ ತಾನಾಗೇ ಹಿಂದೆ ಸರಿದು, ಇನ್ನೊಂದಕ್ಕೆ ಕೆಲಸ ಬಿಟ್ಟುಕೊಡುತ್ತೆ. ಇಷ್ಟೆಲ್ಲ ಇದ್ದೂ 2025ರ ಅಕ್ಟೋಬರ್‌ನಲ್ಲಿ ಆ ಘಟನೆ ಆಯಿತು. ಹೆಚ್ಚಿನ ವಿಮಾನಗಳಿಗೆ ಪರಿಹಾರ ಏನು ಗೊತ್ತಾ? ಸಾಫ್ಟ್‌ವೇರ್ ಅನ್ನು ಹಿಂದಿನ ಆವೃತ್ತಿಗೆ ವಾಪಸ್ ಒಯ್ಯೋದು. ಸೂರ್ಯ ಬದಲಾಗಿರಲಿಲ್ಲ, ಬದಲಾಗಿದ್ದು ಸಾಫ್ಟ್‌ವೇರ್. ಪ್ರತಿ ಬದಲಾವಣೆಯೂ ಮತ್ತೆ ಮೊದಲಿನಿಂದ ಪರೀಕ್ಷೆ ಕೇಳುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸರಿ, ಪರೀಕ್ಷೆ ಮಾಡೋದು ಹೇಗೆ? ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇರೋ ಗುರಿ ಹೇಳ್ತೀನಿ ಕೇಳಿ. ಎಲ್ಲರ ಪ್ರಾಣಕ್ಕೆ ಕುತ್ತು ತರುವಂಥ ಒಂದು ದೋಷ 100 ಕೋಟಿ ಗಂಟೆಯ ಹಾರಾಟಕ್ಕೆ ಒಂದಕ್ಕಿಂತ ಹೆಚ್ಚು ಬರಬಾರದು. 100 ಕೋಟಿ ಗಂಟೆ ಅಂದರೆ 1,14,000 ವರ್ಷ. ಒಂದು ವಿಮಾನವನ್ನು ಅಷ್ಟು ಕಾಲ ಹಾರಿಸಿ, ನೋಡಿ ಏನೂ ಆಗಲಿಲ್ಲ ಅನ್ನೋಕೆ ಯಾರಿಂದಲೂ ಆಗಲ್ಲ. ಹಾಗಾಗಿ ದೋಷ ಬರಲಿ ಅಂತ ಕಾಯೋದಿಲ್ಲ, ತಾವೇ ದೋಷ ಹಾಕ್ತಾರೆ.

ತೇಜಸ್‌ಗಾಗಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಐರನ್ ಬರ್ಡ್ ಅಂತ ಒಂದು ಕಟ್ಟಿದರು. ಕಬ್ಬಿಣದ ಹಕ್ಕಿ. ಹಾರಲ್ಲ. ವಿಮಾನದ ಗಾತ್ರದ ಕಬ್ಬಿಣದ ಚೌಕಟ್ಟು, ಅದರ ಮೇಲೆ ನಿಜವಾದ ಹೈಡ್ರಾಲಿಕ್ ಕೊಳವೆಗಳು, ರೆಕ್ಕೆ ಅಲುಗಿಸೋ ನಿಜವಾದ ಯಂತ್ರಗಳು, ನಿಜವಾದ ಕಂಪ್ಯೂಟರ್. ಪೈಲಟ್ ಕೂತು ಹಾರಿಸಿದ ಹಾಗೆ ಹಾರಿಸ್ತಾರೆ. ಮಧ್ಯದಲ್ಲಿ ಎಂಜಿನಿಯರುಗಳು ಒಂದು ತಂತಿ ಕಿತ್ತು ಹಾಕ್ತಾರೆ. ಒಂದು ಸಂವೇದಕಕ್ಕೆ ಸುಳ್ಳು ಸಂಖ್ಯೆ ಕೊಡ್ತಾರೆ. ಒಂದು ಪಾಲಿನ ವಿದ್ಯುತ್ ತೆಗೀತಾರೆ. ಒಂದು ಕೆಟ್ಟಿರುವಾಗಲೇ ಎರಡನೆಯದನ್ನು ಕೆಡಿಸ್ತಾರೆ, ಅದೂ ಇಳಿಯೋ ಹೊತ್ತಿನಂಥ ಕಷ್ಟದ ಸ್ಥಿತಿಯಲ್ಲಿ. ಆಗ ರೆಕ್ಕೆ ಎಷ್ಟು ಜಿಗಿಯಿತು, ಕಂಪ್ಯೂಟರ್ ಎಷ್ಟು ಹೊತ್ತಿನಲ್ಲಿ ಹಿಡಿಯಿತು, ಹಿಡಿದದ್ದು ತಪ್ಪು ಮಾಡಿದವನನ್ನೋ ಪಕ್ಕದವನನ್ನೋ, ಎಲ್ಲವನ್ನೂ ಅಳೀತಾರೆ. ಸಾಫ್ಟ್‌ವೇರ್ ಬರೆದವರೇ ಅದನ್ನು ಪಾಸ್ ಮಾಡೋ ಹಾಗಿಲ್ಲ. ಪರಿಶೀಲನೆಗೆ ಬೇರೆಯೇ ಸ್ವತಂತ್ರ ತಂಡ ಇರಬೇಕು.

ಈ ಕೆಲಸದ ನಡುವೆ 1998 ಬಂತು. ಪೋಖ್ರಾನ್ ಪರೀಕ್ಷೆ ಆಯಿತು, ಅಮೆರಿಕ ನಿರ್ಬಂಧ ಹಾಕಿತು. ಲಾಕ್‌ಹೀಡ್ ಮಾರ್ಟಿನ್ ಜೊತೆ ಅಲ್ಲಿ ಕೆಲಸ ಮಾಡ್ತಿದ್ದ ನಮ್ಮ ಎಂಜಿನಿಯರುಗಳು ವಾಪಸ್ ಬರಬೇಕಾಯಿತು, ಉಪಕರಣಗಳು ಅಲ್ಲೇ ಉಳಿದವು. ಉಳಿದ ಕೆಲಸವನ್ನು, ಪರೀಕ್ಷೆಯನ್ನು, ಬೆಂಗಳೂರಿನಲ್ಲೇ ಮುಗಿಸಬೇಕಾಯಿತು. ತಡ ಆಯಿತು, ಟೀಕೆ ಬಂತು, "ಈ ವಿಮಾನ ಹಾರೋದೇ ಇಲ್ಲ" ಅಂತ ನಕ್ಕವರೂ ಇದ್ದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ನಿಲ್ದಾಣದಿಂದ ಅದನ್ನು ಮೊದಲ ಬಾರಿ ಹಾರಿಸಿ ಇಳಿಸಿದರು. ಆಮೇಲೆ ತೇಜಸ್‌ಗೂ ಅಪಘಾತ ಆಗಿದೆ. 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ ಒಂದು ಬಿತ್ತು, ಪೈಲಟ್ ಉಳಿದರು. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ಇನ್ನೊಂದು ಬಿತ್ತು, ಪೈಲಟ್ ತೀರಿಕೊಂಡರು. ಅವುಗಳ ಕಾರಣ ಹೇಳೋದು ತನಿಖೆಯ ಕೆಲಸ. ಮೊದಲ ಹಾರಾಟದಿಂದ ಮೊದಲ ಅಪಘಾತದವರೆಗೆ 23 ವರ್ಷ ಅನ್ನೋದನ್ನು ಮಾತ್ರ ಇಲ್ಲಿ ಗಮನಿಸಿ. ಅಷ್ಟು ಕಾಲದ ಹಿಂದೆ ಆ ಕಬ್ಬಿಣದ ಹಕ್ಕಿಯ ಮೇಲೆ ಕಳೆದ ರಾತ್ರಿಗಳೂ ಇವೆ.

ಪ್ರಯೋಗಾಲಯದ ಪರೀಕ್ಷೆ ಮುಗಿದ ಮೇಲೆ ದಿನನಿತ್ಯದ ನಿಗಾ ಶುರು. ಮನೆಯ ಜನರೇಟರ್ ವಿಷಯ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಒಂದು ಸಲವೂ ಸ್ಟಾರ್ಟ್ ಮಾಡದೆ, ಜುಲೈಯಲ್ಲಿ ಮರ ಬಿದ್ದು ಲೈನ್ ಹೋದ ರಾತ್ರಿ ಹಗ್ಗ ಎಳೆದರೆ ಅದು ಏಳಲ್ಲ. ಅದು ಯಾವಾಗ ಕೆಟ್ಟಿತು? ಯಾರಿಗೂ ಗೊತ್ತಿಲ್ಲ. ಹೀಗೆ ಸದ್ದಿಲ್ಲದೆ ಕೆಟ್ಟು ಕೂತಿರೋ ಬದಲಿಯೇ ವಿಮಾನದಲ್ಲೂ ದೊಡ್ಡ ಅಪಾಯ. ಹಾಗಾಗಿ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಒಂದು ಸ್ವಪರೀಕ್ಷೆ, ಹಾರೋ ಮುಂಚೆ ಇನ್ನೊಂದು, ಹಾರ್ತಿರುವಾಗ ಹಿನ್ನೆಲೆಯಲ್ಲಿ ಸತತ ಇನ್ನೊಂದು. ಹಾರೋ ಮುಂಚಿನ ಪರೀಕ್ಷೆಯಲ್ಲಿ ಕಾವಲುಗಾರನನ್ನೂ ಪರೀಕ್ಷೆ ಮಾಡ್ತಾರೆ. ಬೇಕಂತಲೇ ಒಂದು ಸುಳ್ಳು ಸಂಖ್ಯೆ ಕೊಟ್ಟು, ಹಿಡಿಯುತ್ತಾ ನೋಡೋದು. ಯಾವತ್ತೂ ಬೊಗಳದ ನಾಯಿ ಕಳ್ಳ ಬರದ್ದಕ್ಕೆ ಬೊಗಳ್ತಿಲ್ಲವೋ, ನಾಯಿಗೇ ಕಿವಿ ಕೇಳ್ತಿಲ್ಲವೋ, ತಿಳಿಯಬೇಕಲ್ಲ?

ಮುಂದಿನ ಸಲ ರೆಕ್ಕೆ ಪಕ್ಕದ ಕಿಟಕಿ ಸೀಟು ಸಿಕ್ಕಿದರೆ ಗಮನಿಸಿ. ವಿಮಾನ ರನ್‌ವೇ ಕಡೆ ನಿಧಾನವಾಗಿ ಹೋಗುವಾಗ ರೆಕ್ಕೆಯ ಮೇಲಿನ ಪಟ್ಟಿಗಳು ಮೇಲೆ ಕೆಳಗೆ ಆಡ್ತವೆ. ಪೈಲಟ್ ಕೋಲನ್ನು ಪೂರ್ತಿ ಆಡಿಸಿ, ಎಲ್ಲವೂ ಹೇಳಿದ ಮಾತು ಕೇಳ್ತಿದೆಯಾ ಅಂತ ನೋಡ್ತಿದ್ದಾರೆ.

ದಿನನಿತ್ಯದ ನಿಗಾ ಅಂದಾಗ ಸಮಯದ್ದೂ ಒಂದು ಪಾಠ ಇದೆ. 2015ರಲ್ಲಿ ಬೋಯಿಂಗ್ 787ರ ಬಗ್ಗೆ ಅಮೆರಿಕದ ವಿಮಾನಯಾನ ಇಲಾಖೆ ಒಂದು ಆದೇಶ ಹೊರಡಿಸಿತು. ಆ ವಿಮಾನದ ಜನರೇಟರುಗಳನ್ನು ನಿಯಂತ್ರಿಸೋ ಘಟಕಗಳನ್ನು 248 ದಿನ ಆಫ್ ಮಾಡದೆ ಇಟ್ಟರೆ ಒಳಗಿನ ಎಣಿಕೆ ಉಕ್ಕಿ ಘಟಕ ನಿಲ್ಲುತ್ತೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ನಾಲ್ಕನ್ನೂ ಒಟ್ಟಿಗೇ ಆನ್ ಮಾಡಿದ್ದರೆ ನಾಲ್ಕೂ ಒಟ್ಟಿಗೇ ನಿಲ್ಲಬಹುದು. ಅಂದರೆ ನಾಲ್ಕೂ ಒಂದೇ ಮರದ ಕೆಳಗೆ. ವಿಮಾನದಲ್ಲಿ ಯಾರಿಗೂ ಏನೂ ಆಗೋ ಮುಂಚೆ ಇದು ಸಿಕ್ಕಿತು, ತಾತ್ಕಾಲಿಕ ಪರಿಹಾರವೂ ಸರಳ: ಆಗಾಗ ವಿದ್ಯುತ್ ಪೂರ್ತಿ ತೆಗೆದು ಹಾಕೋದು. ಸಿಕ್ಕಿದ್ದು ಯಾಕೆ? ಯಾರೋ ಕೂತು ಅಷ್ಟು ದೂರದವರೆಗೆ ಪರೀಕ್ಷೆ ಮಾಡಿದರು.

ಕೊನೆಯದಾಗಿ, ಈ ನಿಗಾ ಒಂದು ವಿಮಾನದೊಳಗೆ ಮುಗಿಯಲ್ಲ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಸಮುದ್ರಕ್ಕೆ ಬಿತ್ತು, 189 ಜನ ಸತ್ತರು. ಅದರಲ್ಲಿ ಮೂಗು ತಗ್ಗಿಸೋ ಎಂಕ್ಯಾಸ್ ಅನ್ನೋ ವ್ಯವಸ್ಥೆ ಒಂದು ಹಾರಾಟದಲ್ಲಿ ಒಂದೇ ಸಂವೇದಕದ ಮಾತು ಕೇಳ್ತಿತ್ತು. ವಿಮಾನದಲ್ಲಿ ಎರಡು ಸಂವೇದಕ ಇದ್ದರೂ ಅದು ಹೋಲಿಸಿ ನೋಡ್ತಿರಲಿಲ್ಲ. ಒಂದೇ ಮಳೆಮಾಪಕ ನಂಬಿದ ತೋಟದ ಹಾಗೆ. ಅಪಘಾತ ಆದ ಮೇಲೂ ಆ ಮಾದರಿಯ ವಿಮಾನಗಳು ಹಾರ್ತಾನೇ ಇದ್ದವು. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಎರಡನೆಯದು ಬಿತ್ತು, ಇನ್ನೂ 157 ಜನ. ಪ್ರಪಂಚ ಅವನ್ನು ನೆಲಕ್ಕಿಳಿಸಿದ್ದು ಆಮೇಲೆ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮ್ಯಾಕ್ಸ್ ವಿಷಯದಲ್ಲಿ ಮೊದಲ ಎಚ್ಚರಿಕೆಗೆ 189 ಪ್ರಾಣ ಹೋಗಿತ್ತು, ಆದರೂ ನಿಲ್ಲಿಸಲಿಲ್ಲ. ಎ320 ವಿಷಯದಲ್ಲಿ ಒಂದೂ ಪ್ರಾಣ ಹೋಗಿರಲಿಲ್ಲ, ಒಂದೇ ಘಟನೆ. ಅದಕ್ಕೇ 6,000 ವಿಮಾನ ಸರಿ ಮಾಡಿಸಿದರು. ವಿಮಾನ ತಡವಾಯಿತು, ರದ್ದಾಯಿತು, ಜನ ನಿಲ್ದಾಣದಲ್ಲಿ ಕಾದರು, ಸಂಸ್ಥೆಗಳಿಗೆ ದುಡ್ಡು ಹೋಯಿತು. ಆ ಖರ್ಚು ಯಾಕೆ ಅಂತ ಕೇಳಿದರೆ ಇದೇ ಉತ್ತರ. ಯಂತ್ರದೊಳಗಿನ ಕಾವಲು ಎಷ್ಟೇ ಚೆನ್ನಾಗಿರಲಿ, ಎಚ್ಚರಿಕೆ ಬಂದಾಗ ನಿಲ್ಲಿಸೋ ಧೈರ್ಯ ಮನುಷ್ಯರಿಗೇ ಇರಬೇಕು.

ಹಾಗಾಗಿ ಕಣ್ಣೂರಿನಲ್ಲೋ ಬೆಂಗಳೂರಿನಲ್ಲೋ ನೀವು ಕೂತಿರೋ ವಿಮಾನ ರನ್‌ವೇವರೆಗೂ ಹೋಗಿ, "ತಾಂತ್ರಿಕ ಕಾರಣಕ್ಕೆ ವಾಪಸ್ ಹೋಗ್ತಿದ್ದೀವಿ" ಅಂತ ಪೈಲಟ್ ಹೇಳಿದರೆ, ಸಿಟ್ಟು ಬರೋದು ಸಹಜ. ಊರಲ್ಲಿ ಮದುವೆ ಇರಬಹುದು, ಆಸ್ಪತ್ರೆಯಲ್ಲಿ ಯಾರೋ ಕಾಯ್ತಿರಬಹುದು. ಆದರೂ ಒಂದು ಮಾತು ನೆನಪಿಡಿ. ಬಹುಶಃ ಎಲ್ಲೋ ಒಂದು ಮಾಪಕ ಉಳಿದ ಮೂರರ ಜೊತೆ ಒಪ್ಪಲಿಲ್ಲ, ಕಾವಲುಗಾರ ಅದನ್ನು ನೆಲದ ಮೇಲೆ ಇರುವಾಗಲೇ ಹಿಡಿದ. ವ್ಯವಸ್ಥೆ ಸೋತಿಲ್ಲ, ತನ್ನ ಕೆಲಸ ಮಾಡಿದೆ. ಆ ಪೈಲಟ್ ಮೇಲೆ ಕೂಗಾಡಬೇಡಿ. ಮತ್ತೆ ಸೀಟಲ್ಲಿ ಕೂತಿರುವಾಗ, ದೀಪ ಆರಿದ್ದರೂ, ಬೆಲ್ಟ್ ಹಾಕಿಕೊಂಡೇ ಇರಿ. ಕ್ವಾಂಟಾಸ್ ವಿಮಾನದಲ್ಲಿ ಛಾವಣಿಗೆ ಬಡಿದವರು ಬೆಲ್ಟ್ ಹಾಕದವರೇ.

ಮನೆಯ ಜನರೇಟರನ್ನೂ ಈ ವಾರ ಒಂದು ಸಲ ಸ್ಟಾರ್ಟ್ ಮಾಡಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.